ಬೆಲ್ಲದ ನೀರು ಕುಡಿದ ತಾರಸಿ

ಅವರ ಹತ್ತೂ ಬೆರಳುಗಳ ತುದಿ ನುಣ್ಣಗೆ ಸವೆದಿತ್ತು. ಗೆರೆಗಳನ್ನೆಲ್ಲ ಸುಣ್ಣ ತಿಂದುಹಾಕಿತ್ತು. ಸುಳ್ಯದ ಸುತ್ತಮುತ್ತ ಕೆಂಪು ಮುರಕಲ್ಲಿನ ಗೋಡೆ ಕಟ್ಟಿಸುವವರು ಮೊದಲು ಹುಡುಕುತ್ತಿದ್ದದ್ದು ನಮ್ಮ ಈ ಗಾರೆ ಮೇಸ್ತ್ರಿಯನ್ನೇ. ಸುಣ್ಣ, ಮರಳು ಕಲಸುವಾಗ ಗಾರೆಗೆ ಬಿಗಿ ಕೊಡುವ ಬೆಲ್ಲದ ನೀರು ಹಾಕದೆ ಅವರು ಕರಣೆ ಮುಟ್ಟಿದವರಲ್ಲ. ಹಾಕುವ ಮೊದಲು ಒಂದು ತೊಟ್ಟು ನಾಲಗೆಗೆ ಬಿಟ್ಟು ನೋಡುವರು. “ನಮ್ಮ ಬಾಯಿಗೆ ಸೇರದ್ದು ಗೋಡೆಗೆ ಸೇರ್ತದಾ ಮಾಷ್ಟ್ರೆ?” ಎನ್ನುವರು. ನನ್ನ ಹೆಂಡತಿಯ ಚಹಾ ಸಪ್ಪೆಯಾದರೆ ಮಾತ್ರ ತುಟಿ ಪಿಟಕ್ಕೆನ್ನದೆ ಕುಡಿಯುವರು.

ಎಪ್ಪತ್ತರ ದಶಕದ ಕೊನೆಗೆ ನಾನು ಆಲೆಟ್ಟಿಯಲ್ಲಿ ಮನೆ ಕಟ್ಟಿಸಿದೆ. ಒಂದು ಕೋಣೆಗಾದರೂ ಸಿಮೆಂಟಿನ ತಾರಸಿ ಬೇಕೆಂಬ ಹುಚ್ಚು ನನ್ನದು. ಮೇಸ್ತ್ರಿಗೆ ಅದು ಮೊದಲ ತಾರಸಿ. ನನ್ನ ಮೇಲಿನ ಪ್ರೀತಿಗೆ ಸಿಮೆಂಟಿಗೂ ಧಾರಾಳವಾಗಿ ಬೆಲ್ಲದ ನೀರು ಸುರಿದರು. ಅದು ತಪ್ಪೆಂದು ಅಲ್ಲಿದ್ದ ಯಾರಿಗೂ ಅನಿಸಲಿಲ್ಲ.

ವಾರ ಕಳೆದರೂ ತಾರಸಿ ಗಟ್ಟಿಯಾಗಲಿಲ್ಲ. ಉಗುರಿನಲ್ಲಿ ಕೆರೆದರೆ ಕಿತ್ತು ಬರುತ್ತಿತ್ತು. ಕೊನೆಗೆ ಎಲ್ಲವನ್ನೂ ಒಡೆದು ನೀರು ಹರಿಯುವ ತೋಡಿನ ಬದಿಗೆ ಸುರಿದೆವು. ಮೇಸ್ತ್ರಿಯ ಕೈಗುಣ ಹೋಯಿತೆಂದು ಊರು ಆಡಿಕೊಂಡಿತು. ನಾನು ನಂಬಲಿಲ್ಲ, ಆದರೆ ಬೇರೆ ಕಾರಣವೂ ನನಗೆ ಹೊಳೆಯಲಿಲ್ಲ. ಇನ್ನೊಮ್ಮೆ ಹಾಕುವ ಎಂದೆ.

“ಬೇಡ ಮಾಷ್ಟ್ರೆ. ಸಿಮೆಂಟಿಗೆ ನನ್ನ ಕೈ ಆಗುದಿಲ್ಲ. ಇನ್ನು ಎಲ್ಲರಿಗೂ ಬೇಕಾಗುದು ಅದೇ.”

ಕರಣೆ ತೊಳೆದು ಚೀಲಕ್ಕೆ ಹಾಕಿದವರು ಕಡಬದ ಮಗಳ ಮನೆಗೆ ಹೋಗಿ ಕೂತುಬಿಟ್ಟರು. ಮತ್ತೆ ಯಾವ ಕೆಲಸಕ್ಕೂ ಬರಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಸಂಪಾಜೆಯ ಕಡೆ ಸೇತುವೆಯ ಕೆಲಸ ನಡೆದಿತ್ತು. ಅಲ್ಲಿನ ಇಂಜಿನಿಯರ್ ನನ್ನ ಹಳೆಯ ವಿದ್ಯಾರ್ಥಿ. ಕಾಂಕ್ರೀಟಿಗೆ ಕ್ಯಾನಿನಿಂದ ಏನನ್ನೋ ಅಳೆದು ಹಾಕಿಸುತ್ತಿದ್ದ. ಎಂತ ಅದು ಎಂದು ಕೇಳಿದೆ.

“ಸಿಮೆಂಟು ನೀರು ಹಿಡ್ಕೊಂಡು ಗಟ್ಟಿಯಾಗುದಲ್ವಾ ಸರ್, ಇದು ಅದನ್ನು ಸ್ವಲ್ಪ ಹೊತ್ತು ತಡೀತದೆ. ಸಕ್ಕರೆ, ಬೆಲ್ಲ ಹಾಕಿದ್ರೂ ಹಾಗೇ. ಹೆಚ್ಚಾಯ್ತೋ, ಗಟ್ಟಿಯಾಗುದೇ ಇಲ್ಲ.”

ಮೇಸ್ತ್ರಿ ತಾರಸಿಗೆ ಸುರಿದ ಬೆಲ್ಲದ ನೀರು ನೆನಪಾಯಿತು. ಮರುದಿನವೇ ಕಡಬದ ಬಸ್ಸು ಹತ್ತಿದೆ.

ಮೇಸ್ತ್ರಿ ಹಾಸಿಗೆ ಹಿಡಿದಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ, “ಹಾಗಾದ್ರೆ ನನ್ನ ಕೈಯ ದೋಷ ಎಂತದ್ದೂ ಇಲ್ವಾ?” ಎಂದರು.

“ಇಲ್ಲ ಮೇಸ್ತ್ರಿ. ಎಲ್ಲ ಬೆಲ್ಲದ್ದೇ.”

ನಾನು ಹೊರಡಲು ಎದ್ದಾಗ ಆಡಿದ್ದೇ ಅವರ ಬಾಯಿಂದ ನಾನು ಕೇಳಿದ ಕೊನೆಯ ಮಾತು. ಆ ಮಳೆಗಾಲವನ್ನು ಅವರು ದಾಟಲಿಲ್ಲ.

“ಯಾರಾದ್ರೂ ಆಗಲೇ ಹೇಳಿದ್ದಿದ್ರೆ ಬೆಲ್ಲ ಬಿಡ್ತಿದ್ದೆ ಮಾಷ್ಟ್ರೆ. ಕೆಲಸ ಬಿಡ್ತಿರ್ಲಿಲ್ಲ.”