ಕನ್ನೊಳ್ಳಿಗೆ ಹೋಗಿಬಂದ ಮಾಸ್ತರರು

ನಮ್ಮ ಗಣಿತದ ಮಾಸ್ತರರ ಅಂಗಿಯ ಬಲತೋಳು ಸದಾ ಸುಣ್ಣ ಬಳಿದ ಹಾಗೆ ಬೆಳ್ಳಗಿರುತ್ತಿತ್ತು. ಹಲಗೆ ಒರೆಸುವ ಅರಿವೆ ಹುಡುಕುವಷ್ಟು ತಾಳ್ಮೆ ಆ ಮನುಷ್ಯನಿಗೆಲ್ಲಿತ್ತು? ತೋಳಿನಿಂದಲೇ ಒರೆಸಿ ಮುಂದಿನ ಲೆಕ್ಕಕ್ಕೆ ಹಾರುತ್ತಿದ್ದರು. ಇಂಡಿ ಊರಿನ ಹೈಸ್ಕೂಲಿನಲ್ಲಿ ಅವರು ಕುರ್ಚಿಯ ಮೇಲೆ ಕೂತದ್ದನ್ನು ನಾನಂತೂ ನೋಡಿಲ್ಲ. ‘ನಾಳೆ ಅಂದವನ ಮನಿ ಹಾಳು’ ಎಂಬುದು ಅವರ ಬಾಯಲ್ಲಿ ದಿನವೂ ಬರುವ ಮಾತು.

ನಾನು ಮೆಟ್ರಿಕ್ ಪಾಸಾದಾಗ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ್ದು ಇನ್ನೂ ಹೊಸತು. ಮುಂದೆ ಕಲಿಯುವ ಹುಡುಗರಿಗೆ ಸರಕಾರ ಸ್ಕಾಲರ್‌ಶಿಪ್ ಕೊಡುತ್ತದೆಂಬ ಸುದ್ದಿ ಹೊತ್ತು ಮಾಸ್ತರರು ಸೈಕಲ್ ತುಳಿಯುತ್ತ ನಮ್ಮ ಹಳ್ಳಿಗೇ ಬಂದರು. ಅದು ಸಿಗದಿದ್ದರೆ ವಿಜಾಪುರದ ಕಾಲೇಜು ನನ್ನ ಪಾಲಿಗಿಲ್ಲ. ಹೊಲವಿತ್ತು, ಕೈಯಲ್ಲಿ ಕಾಸಿರಲಿಲ್ಲ. ಆದರೆ ಅರ್ಜಿಯ ಜೊತೆ ಮನೆಯ ವರಮಾನ ಕಡಿಮೆಯೆಂಬ ದಾಖಲೆ ಬೇಕು. ಅದನ್ನು ಅಪ್ಪನೇ ಚಾವಡಿಗೆ ಹೋಗಿ ನಾಲ್ಕು ಜನರೆದುರು ಕೇಳಬೇಕು. ಅಪ್ಪ ಸುತಾರಾಂ ಒಪ್ಪಲಿಲ್ಲ. ಆಗ ಕನ್ನೊಳ್ಳಿಯ ಒಂದು ಮನೆತನದೊಂದಿಗೆ ಅಕ್ಕನ ಮದುವೆಯ ಮಾತು ನಡೆದಿತ್ತು.

“ಬಡವ ಅಂತ ಬರಿಸಿಕೊಂಡ್ರ ಬೀಗರ ಮುಂದ ಯಾವ ಮಾರಿ ತೋರಸ್ಲಿ, ಮಾಸ್ತರ್ರ?” ಎಂದ.

ಅವ್ವ ಕೊಟ್ಟ ಚಹಾವನ್ನು ಅಂಗಳದಲ್ಲಿ ಅಡ್ಡಾಡುತ್ತಲೇ ಕುಡಿದು ಮಾಸ್ತರರು ಹೊರಟುಹೋದರು. ಮರುದಿನ ಇಂಡಿಯಿಂದ ಬಂದವರೊಬ್ಬರು ಹೇಳಿದರು: ಮಾಸ್ತರರು ಸಿಂದಗಿ ಬಸ್ಸು ಹತ್ತಿದ್ದಾರೆ, ಕನ್ನೊಳ್ಳಿಯ ಬೀಗರನ್ನು ಕಾಣಲು. ಅಪ್ಪನ ಪಿತ್ತ ನೆತ್ತಿಗೇರಿತು. ಅಂದು ಮನೆಯಲ್ಲಿ ರೊಟ್ಟಿ ಮುಟ್ಟಿದವರಿಲ್ಲ. ಅರ್ಜಿಗೆ ಆ ವಾರವೇ ಕೊನೆ. ನಾನು ಮನೆಯಿಂದ ಊರ ಅಗಸಿಬಾಗಿಲಿಗೆ, ಅಗಸಿಯಿಂದ ಮನೆಗೆ ಅಲೆದೆ. ಸಂಬಂಧ ಮುರಿದರೆ ಅಕ್ಕನ ಗತಿಯೇನು? ಇವರಿಗ್ಯಾಕೆ ಬೇಕಿತ್ತು ಈ ಉಸಾಬರಿ ಎಂದು ಮಾಸ್ತರರನ್ನೇ ಬೈದುಕೊಂಡೆ. ಅಕ್ಕ ಮಾತ್ರ ತಲೆ ಎತ್ತದೆ ಜೋಳ ಹಸನು ಮಾಡುತ್ತಿದ್ದಳು.

ಮರುದಿನ ಮಧ್ಯಾಹ್ನ ಬೀಗರೇ ಬಂದರು. ಮಾಸ್ತರರು ಅವರೆದುರು ಏನನ್ನೂ ಮುಚ್ಚಿಟ್ಟಿರಲಿಲ್ಲವಂತೆ. ಹುಡುಗನ ಓದಿಗಾಗಿ ಬಡತನದ ದಾಖಲೆ ತೆಗೆಸುತ್ತೇವೆ, ಅದಕ್ಕಾಗಿ ಹೆಣ್ಣು ಬೇಡವೆನ್ನುವುದಿದ್ದರೆ ಈಗಲೇ ಅಂದುಬಿಡಿ ಎಂದಿದ್ದರಂತೆ. ಅಪ್ಪ ನೆಲ ನೋಡುತ್ತ ನಿಂತ. ಬೀಗರು ಕಾಲು ತೊಳೆದುಕೊಂಡು ಕೂತು, ಅತ್ತಿತ್ತ ನೋಡಿ, ದನಿ ತಗ್ಗಿಸಿದರು.

“ಗೌಡ್ರ, ನಮ್ಮ ಸಣ್ಣಾಂವನೂ ಮೆಟ್ರಿಕ್ ಆಗ್ಯಾನ್ರಿ. ಆ ದಾಖಲಿ ಹ್ಯಾಂಗ ತಗಸೋದು, ನಮಗೂ ಒಂದೀಟು ಹೇಳ್ರಿ.”

ಅಪ್ಪ ನಕ್ಕ ನಗು ಓಣಿಗೆಲ್ಲ ಕೇಳಿಸಿತು. ಸಂಜೆಯೇ ಚಾವಡಿಗೆ ಹೋದ.

ಸ್ಕಾಲರ್‌ಶಿಪ್ ಬಂತು, ಅಕ್ಕನ ಮದುವೆಯೂ ಆಯಿತು. ಕಾಲೇಜು ಮುಗಿಸಿ ನಾನೂ ಮುದ್ದೇಬಿಹಾಳದಲ್ಲಿ ಮಾಸ್ತರನಾದೆ. ಎಷ್ಟೋ ವರ್ಷಗಳ ಮೇಲೆ ಮಾಸ್ತರರು ತೀರಿಕೊಂಡ ಸುದ್ದಿ ಹೇಳಲು ಕನ್ನೊಳ್ಳಿಗೆ, ಅಕ್ಕನ ಮನೆಗೆ ಹೋದೆ. ನಿನ್ನ ಮದುವೆಯನ್ನೇ ಪಣಕ್ಕಿಟ್ಟು ನನ್ನನ್ನು ಓದಿಸಿದರು, ಎಂಥ ಧೈರ್ಯ ಅವರದು ಎಂದೆ. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಹೋಗೂಕಿಂತ ಮೊದ್ಲ ಬಾವಿ ಕಡೆ ಬಂದು ನನ್ನ ಕೇಳಿದ್ರೋ ತಮ್ಮಾ. ಸಂಬಂಧ ಮುರದ್ರ ಮುರೀಲಿ, ನೀವು ಹೋಗ್ರಿ ಅಂದಾಕಿ ನಾನು.”

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಓದುವ ಹುಡುಗನ ತಲೆಯ ಮೇಲೆ ಈ ಭಾರ ಬೇಡವೆಂದು ಮಾಸ್ತರರು ಆಣೆ ಹಾಕಿಸಿದ್ದರಂತೆ. ಅವರಿಗೆ ಮಾಡಬೇಕಿದ್ದ ನಮಸ್ಕಾರವನ್ನೂ ಸೇರಿಸಿ ಅಕ್ಕನ ಕಾಲಿಗೆ ಬಿದ್ದೆ.