ಮೇಲೆ ಗಾಯವಿಲ್ಲದ ಹೊಟ್ಟೆ

ಮಮದಾಪುರದ ನಮ್ಮ ಹೊಲದಲ್ಲಿ ನೊಗ ಹೂಡುವಾಗ ಎತ್ತು ತಲೆ ಕೊಡವಿ ನಮ್ಮನೆಯವರ ಹೊಟ್ಟೆಗೆ ಕೋಡಿನಿಂದ ತಿವಿಯಿತು. ಹನಿ ರಕ್ತವೂ ಬರಲಿಲ್ಲ, ನೀಲಿಗಟ್ಟಿತು ಅಷ್ಟೇ. ದೇವರು ದೊಡ್ಡವನು ಎಂದರು ಎಲ್ಲರೂ. ನಾನೂ ಅಂದೆ.

ನೀಲಿ ಇಳಿದ ಮೇಲೆ ಹೊಕ್ಕಳ ಪಕ್ಕ ಒಂದು ಗಂಟು ಕಾಣಿಸಿತು. ನಿಂತರೆ ಏಳುವುದು, ಮಲಗಿದರೆ ಮಾಯ.

"ಬಟ್ಟಿ ಸರದೈತಿ," ಎಂದರು ಅತ್ತೆ. ಹೊಕ್ಕಳು ಜಾಗ ಬಿಟ್ಟು ಸರಿದಿದೆ ಎಂದರ್ಥ. ನಮ್ಮ ಕಡೆ ಅದಕ್ಕೆ ಮದ್ದು ಮನೆಯಲ್ಲೇ. ಬರಿಹೊಟ್ಟೆಯಲ್ಲಿ ಮಲಗಿಸಿ, ಎಣ್ಣೆ ಹಚ್ಚಿ ತಿಕ್ಕಿ, ಹೊಕ್ಕಳ ಮೇಲೆ ಪುಟ್ಟ ದೀಪವಿಟ್ಟು ತಂಬಿಗೆ ಬೋರಲು ಹಾಕುವುದು. ದೀಪ ಆರಿ ತಂಬಿಗೆ ಹೊಟ್ಟೆಗೆ ಕಚ್ಚಿಕೊಳ್ಳುತ್ತದೆ. ಕಿತ್ತರೆ ಬಟ್ಟಿ ಕೂತಂತೆ. ಮಲಗಿದವರಿಗೆ ಗಂಟು ಹೇಗೂ ಇರುವುದಿಲ್ಲ! "ನೋಡು, ಹೋತು," ಎಂದು ಅತ್ತೆ ಬೀಗುವರು. ಇವರು ಎದ್ದು ಅಂಗಳ ದಾಟುವಷ್ಟರಲ್ಲಿ ಗಂಟು ಮತ್ತೆ ಹಾಜರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಇವರು ಹೊಲದಿಂದ ಬಂದರೇ ಎಂದು ಬಾಗಿಲ ಕಡೆ ನೋಡುತ್ತ ರೊಟ್ಟಿ ಸೀಯಿಸುವುದು, ಬೈಸಿಕೊಳ್ಳುವುದು, ಇದೇ ಆಯಿತು.

ಒಂದು ಮುಂಜಾನೆ ಗಂಟು ಕಲ್ಲಿನಂತಾಗಿ ಒಳಗೆ ಹೋಗಲೇ ಇಲ್ಲ. ವಾಂತಿ, ಒದ್ದಾಟ. ಅತ್ತೆ ಎಣ್ಣೆ ತಂದರು. "ಮುಟ್ಟಬ್ಯಾಡ್ರಿ!" ಎಂದು ಚೀರಿದೆ. ಅತ್ತೆಯ ಮುಂದೆ ದನಿ ಏರಿಸಿದ್ದು ಅದೇ ಮೊದಲು. ಮೈದುನ ಚಕ್ಕಡಿಗೆ ಎತ್ತು ಹೂಡಿದ.

ಹಾದಿಯ ಕುಲುಕಾಟಕ್ಕೋ ಏನೋ, ಗೋಕಾಕದ ದವಾಖಾನೆ ಮುಟ್ಟುವಷ್ಟರಲ್ಲಿ ಗಂಟು ತಾನೇ ಒಳಗೆ ಸರಿದಿತ್ತು. "ಬಟ್ಟಿ ಕೂತೈತಿ, ನಡೀರಿ ಮನಿಗೆ," ಎಂದರು ಅತ್ತೆ. ಇವರೂ ತಲೆಯಾಡಿಸಬೇಕೇ!

"ನೀವು ಹೋಗ್ರಿ. ನಾ ಇಲ್ಲೇ ಕಟ್ಟಿ ಮ್ಯಾಲ ಕುಂದರತೇನಿ," ಎಂದು ಕೂತುಬಿಟ್ಟೆ. ನಾಲ್ಕು ಜನ ನೋಡುತ್ತಾರೆಂಬ ನಾಚಿಕೆಗೆ ಇಬ್ಬರೂ ಒಳಗೆ ಬಂದರು.

ಡಾಕ್ಟರು ಮಲಗಿಸಿ ಒತ್ತಿ ನೋಡಿದರು. ಏನೂ ಇಲ್ಲ. ಆಮೇಲೆ ನಿಲ್ಲಿಸಿ, "ಕೆಮ್ಮು," ಎಂದರು. ಗಂಟು ಪುಟಿದು ಬಂತು.

"ಚರ್ಮದ ಕೆಳಗಿನ ಮಾಂಸ ಹರದೈತಿ. ಅಲ್ಲಿಂದ ಕರುಳು ಹೊರಗ ಬರಾಕತ್ತೈತಿ. ಇನ್ನೊಮ್ಮೆ ಸಿಕ್ಕೊಂಡ್ರ ಜೀವಾ ಉಳಿಯಂಗಿಲ್ಲ. ಕೊಯ್ದು ಹೊಲಿಬೇಕು."

"ಗಾಯನ ಇಲ್ಲ, ಏನ ಹೊಲಿತೀರಿ?" ಎಂದರು ಅತ್ತೆ.

ಡಾಕ್ಟರು ಸಿಟ್ಟಾಗಲಿಲ್ಲ. ಗಂಟಿನ ಮೇಲೆ ಅತ್ತೆಯ ಬೆರಳು ಇಡಿಸಿ ಇವರನ್ನು ಮಲಗಿಸಿದರು. ಗಂಟು ಒಳಗಿಳಿಯಿತು, ಅದರ ಹಿಂದೆ ಅತ್ತೆಯ ಬೆರಳ ತುದಿಯೂ ಇಳಿಯಿತು. ಅವರು ಕೈ ಕಿತ್ತುಕೊಂಡು ಸೆರಗು ಬಾಯಿಗೊತ್ತಿಕೊಂಡರು. "ಹೊಲೀರಿ," ಎಂದರು.

ಹೊಲಿದರು. ವಾರಗಟ್ಟಲೆ ಹಾಸಿಗೆಯಲ್ಲಿಟ್ಟು ಮನೆಗೆ ಕಳಿಸಿದರು. ಒಂದು ದಿನ ನನ್ನ ಒಗ್ಗರಣೆಯ ಘಾಟಿಗೆ ಇವರಿಗೆ ಕೆಮ್ಮು ಬಂತು. ಸೌಟು ಹಿಡಿದವಳು ಹಾಗೇ ನಿಂತೆ. ಅತ್ತೆ ಓಡಿಬಂದು ಹೊಲಿಗೆಯ ಗೆರೆಯ ಮೇಲೆ ಅಂಗೈ ಹಚ್ಚಿದರು.

"ಇನ್ನೊಮ್ಮೆ ಕೆಮ್ಮಪಾ."

ಕೆಮ್ಮಿದರು. ಅಂಗೈ ಕದಲಲಿಲ್ಲ. ಅತ್ತೆ ಗಳಗಳ ಅತ್ತರು. ಆಮೇಲೆ ಗೂಡಿನಲ್ಲಿದ್ದ ಅದೇ ತಂಬಿಗೆಯನ್ನು ಬೂದಿ ಹಚ್ಚಿ ತೊಳೆದು, ನೀರು ತುಂಬಿ ನನ್ನ ಮುಂದೆ ಹಿಡಿದರು.

"ಎತ್ತು ಹಾಯ್ದಾಗಿಂದ ಒಂದ ಕಡೆ ಕುಂತಿಲ್ಲ ನೀ. ಕುಂತ ಕುಡಿ."