ನಕ್ಷೆಯಲ್ಲಿದ್ದ ಗುಡ್ಡಕ್ಕೆ

ಶನಿವಾರ ಬೆಳಿಗ್ಗೆ ಆರೂವರೆಯ ಸ್ಲೋ ಲೋಕಲ್‌ಗೆ ಡೊಂಬಿವಲಿಯಿಂದ ಹೊರಟೆವು. ನಾನು, ಎಂಟು ಹುಡುಗಿಯರು, ಎರಡು ಟ್ರಂಕು, ಅಡುಗೆಗೆ ಒಂದು ದೊಡ್ಡ ಪಾತೇಲಿ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಒಂದು ಜನವರಿ ಅದು. ನಾನು ಗಣಿತದ ಟೀಚರು, ಸೈನ್ಯಕ್ಕೂ ನನಗೂ ಏನೇನೂ ಸಂಬಂಧವಿಲ್ಲ. ಶಾಲೆಯ ಕೆಡೆಟ್ ಹುಡುಗಿಯರ ಎರಡು ದಿನದ ಶಿಬಿರಕ್ಕೆ ಜೊತೆಗೊಬ್ಬ ಹೆಂಗಸು ಬೇಕು ಎಂದು ಹೆಡ್‌ಮಾಸ್ತರರು ಹೇಳಿದ್ದೇ ತಡ, ಸ್ಟಾಫ್ ರೂಮಿನಲ್ಲಿದ್ದ ಎಲ್ಲರೂ ನನ್ನ ಮುಖ ನೋಡಿದರು. ಮದುವೆಯಾಗದವಳಿಗೆ ಭಾನುವಾರ ಯಾಕೆ ಬೇಕು ಎಂಬುದು ಅವರ ಲೆಕ್ಕ.

ಸ್ಟೇಷನ್ನಿಗೆ ವಿಜಯಾಳ ತಾಯಿ ಬಂದಿದ್ದರು. ಉಡುಪಿ ಕಡೆಯವರು, ಸ್ಟೇಷನ್ ಎದುರೇ ಅವರ ಹೋಟೆಲು. ಚಕ್ಕುಲಿಯ ಡಬ್ಬವನ್ನು ನನ್ನ ಕೈಗೆ ತುರುಕಿ, "ನಿಮ್ಮ ಧೈರ್ಯದಲ್ಲಿ ಕಳಿಸುದು ಟೀಚರ್. ಹುಡುಗಿ ಮೇಲೆ ಒಂದು ಕಣ್ಣು ಇಟ್ಕೊಳ್ಳಿ ಆಯ್ತಾ" ಎಂದರು. "ಎಂಟು ಜನರ ಮೇಲೂ ಇಡ್ತೇನೆ, ನೀವು ಹೆದರ್ಬೇಡಿ" ಎಂದು ದೊಡ್ಡದಾಗಿ ಹೇಳಿದೆ. ವಿಜಯಾ "ಮಮ್ಮಿ, ಬಸ್ ಕರೋ ನಾ" ಎಂದು, ಇನ್ನು ಸಾಕು ಮಾಡಮ್ಮಾ ಎನ್ನುವಂತೆ, ನಾಚಿಕೆಯಿಂದ ಆಚೆ ತಿರುಗಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಂದ ಮಾತ್ರ ಬರುವುದಿಲ್ಲ.

ಥಾಣೆಯಲ್ಲಿ ಇಳಿದು ಬೇಲಾಪುರದ ಬಸ್ಸು ಹಿಡಿದೆವು. ತಲೆಗೆ ಎಪ್ಪತ್ತು ಪೈಸೆ. ರಸ್ತೆಯ ಒಂದು ಬದಿಗೆ ಕಾರ್ಖಾನೆಗಳು, ಇನ್ನೊಂದು ಬದಿಗೆ ಗದ್ದೆ, ಉಪ್ಪಿನ ಮಡಿಗಳು, ಅದರಾಚೆ ಖಾಡಿ, ಅಂದರೆ ಒಳನುಗ್ಗಿದ ಸಮುದ್ರದ ನೀರು. ಕಿಟಕಿ ತೆರೆದರೆ ಕೊಳೆತ ಮೊಟ್ಟೆಯ ವಾಸನೆ, ಮುಚ್ಚಿದರೆ ಸೆಕೆ. ಕೋಪರಖೈರಣೆಗೆ ರಸ್ತೆ ಕವಲೊಡೆಯುವ ಫಾಟಾದಲ್ಲಿ ಇಳಿದು ಅರ್ಧ ಗಂಟೆ ನಡೆದರೆ ನಮ್ಮ ಶಿಬಿರ: ಒಂದು ಬಾವಿ, ಸುತ್ತ ಏಳೆಂಟು ಮಾವಿನ ಮರ, ಎರಡು ಡೇರೆ. ಹವಾಲ್ದಾರ್ ಸಾವಂತರು ಮೊದಲೇ ಬಂದು ಒಲೆ ಹೂಡಿದ್ದರು. ಸೈನ್ಯದಿಂದ ನಿವೃತ್ತರಾದವರು, ಮೀಸೆ ಬೆಳ್ಳಗಾಗಿತ್ತು, ಧ್ವನಿಗೆ ಮಾತ್ರ ನಿವೃತ್ತಿ ಸಿಕ್ಕಿರಲಿಲ್ಲ.

ಆ ದಿನವೆಲ್ಲ ಪಾಠ. ಮನುಷ್ಯ ದೂರದಿಂದ ಯಾಕೆ ಕಣ್ಣಿಗೆ ಬೀಳುತ್ತಾನೆ? ಹೊಳಪು, ನೆರಳು, ಆಕಾರ, ಅಲುಗಾಟ. ಈ ನಾಲ್ಕನ್ನು ಅಡಗಿಸಿದರೆ ಹತ್ತು ಹೆಜ್ಜೆ ದೂರದಲ್ಲಿದ್ದರೂ ಶತ್ರುವಿಗೆ ಕಾಣುವುದಿಲ್ಲ ಎಂದರು. ಹುಡುಗಿಯರು ಬಾಣಲೆಯ ಮಸಿಯನ್ನು ಮುಖಕ್ಕೆ ಬಳಿದುಕೊಂಡರು, ಟೋಪಿಗೂ ಬೆನ್ನಿಗೂ ಮಾವಿನ ಸೊಪ್ಪು ಸಿಕ್ಕಿಸಿಕೊಂಡರು, ಮೊಣಕೈ ಊರಿ ತೆವಳಿದರು. "ಜಾಗ ಬದಲಾದರೆ ಸೊಪ್ಪೂ ಬದಲಾಗಬೇಕು. ಎಲ್ಲಿ ಮಲಗುತ್ತೀರೋ ಅಲ್ಲಿನದ್ದೇ ಹಾಕಬೇಕು" ಎಂದು ಸಾವಂತರು ಮೂರು ಸಲ ಹೇಳಿದ್ದು ನನಗೇ ಬಾಯಿಪಾಠವಾಯಿತು. ಇನ್ನೊಂದು ನಿಯಮ ಸೀಟಿಯದ್ದು. ಒಂದು ಉದ್ದನೆಯ ಸೀಟಿ ಕೇಳಿದರೆ ಶತ್ರು ಬಂದ ಎಂದರ್ಥ, ಬಿದ್ದಲ್ಲೇ ಅಲುಗಾಡದೆ ಮಲಗಬೇಕು. ಹವಾಲ್ದಾರರ ಮೂರು ಚಿಕ್ಕ ಸೀಟಿ ಕೇಳುವ ತನಕ ಏಳಕೂಡದು, ಯಾರು ಹೆಸರು ಹಿಡಿದು ಕರೆದರೂ ಸರಿ.

"ನಾನು ಕರೆದರೂ ಏಳಬೇಡಿ" ಎಂದು ನಾನೂ ತಮಾಷೆಗೆ ಸೇರಿಸಿದೆ. ಆ ಮಾತನ್ನು ನೆನೆದರೆ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ. ಮಧ್ಯಾಹ್ನ ಊಟದ ಹೊತ್ತಿಗೆ ರಸ್ತೆಯಾಚೆ ಎಲ್ಲೋ ಧಡ್ ಎಂದು ಸದ್ದಾಯಿತು. ತೋಪು ಹಾರಿಸಿದರು ಎಂದು ಹುಡುಗಿಯರು ಕುಣಿದರು. ಯಾವುದೋ ಕಾರ್ಖಾನೆ ಇರಬೇಕು ಎಂದು ಸಾವಂತರು ಇನ್ನೊಂದು ಚಪಾತಿ ಹಾಕಿಸಿಕೊಂಡರು.

ಭಾನುವಾರ ಪರೀಕ್ಷೆ. ಸಾವಂತರು ಬಟ್ಟೆ ಅಂಟಿಸಿದ ಹಳೆಯ ನಕ್ಷೆಯೊಂದನ್ನು ಹರಡಿದರು. ಅದರಲ್ಲಿ ಬಾವಿ ಇತ್ತು, ರಸ್ತೆ ಇತ್ತು, ರಸ್ತೆಯಾಚೆ ಒಂದೂವರೆ ಮೈಲಿಗೆ ಒಂಟಿ ಗುಡ್ಡವಿತ್ತು. ದಿಕ್ಸೂಚಿ ಹಿಡಿದು ಮೊದಲ ನಾಲ್ವರು ಆ ಗುಡ್ಡದ ಬುಡ ಮುಟ್ಟಬೇಕು, ಉಳಿದವರು ಸಾವಂತರ ಜೊತೆ ಬಾವಿಯ ಬಳಿ ಸರದಿ ಕಾಯಬೇಕು. ನಾನು ರಸ್ತೆಯ ಮೇಲೆ ಸುತ್ತು ಹಾಕಿ ಮೊದಲೇ ಹೋಗಿ ಕೂತಿರಬೇಕು. ದಾರಿಯಲ್ಲಿ ನನ್ನ ಕಣ್ಣಿಗೆ ಬಿದ್ದವಳ ಹೆಸರು ಬರೆದುಕೊಳ್ಳಬೇಕು. ನಕ್ಷೆಯ ಮೇಲಿನ ಕೋನವನ್ನು ನಾನೇ ಕೋನಮಾಪಕ ಇಟ್ಟು ಅಳೆದು ಕೊಟ್ಟೆ. ಒಂದು ಡಿಗ್ರಿಯೂ ತಪ್ಪಿರಲಿಲ್ಲ, ಅದು ನನ್ನ ಜಂಭ.

ಹತ್ತೂವರೆಗೆ ಹೇಳಿದ ಜಾಗಕ್ಕೆ ತಲುಪಿದೆ. ಗುಡ್ಡ ಇರಲಿಲ್ಲ.

ಇದ್ದದ್ದು ಒಂದು ದೊಡ್ಡ ಹೊಂಡ. ಅಂಚಿನಲ್ಲಿ ಜಲ್ಲಿಯ ರಾಶಿಗಳು, ಎರಡು ಲಾರಿ. ಹೊಂಡದ ಸುತ್ತ ಹುಲ್ಲು, ಪೊದೆ, ಕಲ್ಲು ಎಲ್ಲದರ ಮೇಲೂ ಬಿಳಿ ಧೂಳು ಕೂತಿತ್ತು. "ಅಯ್ಯೋ ದೇವರೇ, ಗುಡ್ಡ ಎಲ್ಲಿ?" ಎಂದು ಬಾಯಿಬಿಟ್ಟು ಹೇಳಿಯೇಬಿಟ್ಟೆ.

"ಎಲ್ಲಿ ಗುಡ್ಡ್ರೀ ಯಕ್ಕಾ? ಇದೇ ಗುಡ್ಡ ನೋಡ್ರಿ" ಎಂದು ಪಕ್ಕದಲ್ಲೇ ಒಂದು ದನಿ ಕೇಳಿತು. ಜಲ್ಲಿ ಒಡೆಯುತ್ತಿದ್ದ ಹೆಂಗಸು ಸುತ್ತಿಗೆ ಕೆಳಗಿಟ್ಟು ನಗುತ್ತಿದ್ದಳು. ಹೆಸರು ನಾಗಮ್ಮ, ಊರು ಅಫಜಲಪುರದ ಹತ್ತಿರ. "ನಾ ಬಂದಾಗ ಆ ಲಾರಿಕಿಂತ ನಾಕು ಪಟ್ಟು ಎತ್ತರ ಇತ್ತು. ಒಡದು ಒಡದು ಕಳಿಸೀವಿ. ಈಗ ವಾಶಿ ಪ್ಯಾಟಿಗಿ ಹೋಗಿ ಬಿಲ್ಡಿಂಗ್ ಆಗಿ ಕುಂತದ."

ನಾನು ನಗುವ ಮೊದಲೇ ಉದ್ದನೆಯ ಸೀಟಿ ಕೇಳಿತು. ನಾಗಮ್ಮ ನನ್ನ ಕೈಹಿಡಿದು ರಾಶಿಯ ಹಿಂದಕ್ಕೆ ಎಳೆದಳು. "ಈ ಕಡಿ ಬರ್ರಿ, ಸುರಂಗ ಹಾರಸ್ತಾರ, ಮದ್ದಿಟ್ಟು ಕಲ್ಲು ಸಿಡಸ್ತಾರ. ಕಲ್ಲು ಆ ಬಯಲ ತನಕ ಬೀಳ್ತಾವ." ಅವಳು ತೋರಿಸಿದ ಬಯಲು ನನ್ನ ಹುಡುಗಿಯರು ಬರುತ್ತಿದ್ದ ಬಯಲು.

ಹೊಂಡದ ಅಂಚಿನಲ್ಲಿ ಮಿಸ್ತ್ರಿ ಕೆಂಪು ಬಾವುಟ ಎತ್ತಿಕೊಂಡು ನಿಂತಿದ್ದ. ಅವನು ಬಾವುಟ ಇಳಿಸಿದರೆ ಕೆಳಗಿದ್ದ ಇಬ್ಬರು ಬತ್ತಿಗೆ ಬೆಂಕಿ ಹಚ್ಚಿ ಓಡುತ್ತಾರೆ. ನಾನು ಹೋಗಿ, ಬಯಲಲ್ಲಿ ನಾಲ್ಕು ಮಕ್ಕಳಿದ್ದಾರೆ ಎಂದು ಮರಾಠಿಯಲ್ಲಿ ಕಿರುಚಿದೆ. ಅವನು ಹಣೆಗೆ ಕೈಹಚ್ಚಿ ಎಡದಿಂದ ಬಲಕ್ಕೆ ಸಾವಕಾಶ ನೋಡಿದ. "ಕೋಣಿ ನಾಯ್ ಬಾಯಿ" ಎಂದ, ಯಾರೂ ಇಲ್ಲ ಅಮ್ಮಾ. "ತುಮ್ಹಾಲಾ ದಿಸತಾತ್ ಕಾ?" ನಿಮಗೆ ಕಾಣುತ್ತಾರಾ?

ನನಗೂ ಕಾಣುತ್ತಿರಲಿಲ್ಲ. ಉದ್ದನೆಯ ಸೀಟಿ ಕೇಳಿದೊಡನೆ ಕಲಿಸಿದಂತೆಯೇ ಬಿದ್ದುಕೊಂಡಿದ್ದರು, ಮಹಾ ಬುದ್ಧಿವಂತೆಯರು. "ವಿಜಯಾ! ಸುಮನ್! ಏಳಿ! ಪರೀಕ್ಷೆ ಮುಗೀತು!" ಎಂದು ಗಂಟಲು ಹರಿಯುವಂತೆ ಕೂಗಿದೆ. ಒಂದು ಹುಲ್ಲೂ ಅಲುಗಲಿಲ್ಲ. ಮಿಸ್ತ್ರಿ ನನ್ನನ್ನು ತಲೆ ಕೆಟ್ಟವಳನ್ನು ನೋಡುವಂತೆ ನೋಡಿದ. ಲಾರಿಯವರು ಹಾರ್ನ್ ಬಾರಿಸಿದರು. ಅವನು ಕೈ ಇಳಿಸಲು ಹೊರಟಾಗ ನಾನು ಬಾವುಟದ ಕೋಲನ್ನು ಎರಡೂ ಕೈಯಿಂದ ಹಿಡಿದು ನೇತಾಡಿದೆ. ಅವನು ಒಂದು ಕಡೆ, ನಾನು ಒಂದು ಕಡೆ. ಇಪ್ಪತ್ತು ವರ್ಷ ಪಾಠ ಹೇಳಿದ ಹೆಂಗಸು ಸೆರಗು ಜಾರಿದ್ದೂ ಗೊತ್ತಿಲ್ಲದೆ ಗಂಡಸಿನ ಜೊತೆ ಕೋಲು ಜಗ್ಗಾಡುತ್ತಿದ್ದೆ.

"ಯಕ್ಕಾ, ಅಲ್ಲಿ ನೋಡ್ರಿ!" ನಾಗಮ್ಮ ನನ್ನ ಹಿಂದೆ ಬಂದಿದ್ದಳು. "ಆ ಬಾರಿಗಿಡದ ಬಾಜೂಕ ನಾಕು ಹಸರು ಕಂಟಿ ಅವ. ನಮ್ಮಲ್ಲಿ ಹಸರು ಎಲ್ಲಿಂದ ಬರಬೇಕ್ರೀ? ಮುಂಜಾನಿ ನಾ ನೀರಿಗಿ ಹೋದಾಗ ಇರಲಿಲ್ಲ ಅವು."

ನೋಡಿದೆ. ಬಿಳಿ ಬಯಲಿನಲ್ಲಿ ನಾಲ್ಕು ಹಸಿರು ಪೊದೆಗಳು. ಅಷ್ಟು ಹೊತ್ತೂ ಅವು ನನ್ನ ಕಣ್ಣೆದುರೇ ಇದ್ದವು. ಪೊದೆ ಎಂದರೆ ಹಸಿರೇ ಎಂದುಕೊಂಡು ಗಮನಿಸದೆ ಬಿಟ್ಟಿದ್ದೆ. ಬಾವಿಯ ಬಳಿ ಸಿಕ್ಕಿಸಿಕೊಂಡ ಮಾವಿನ ಸೊಪ್ಪನ್ನು ಪುಣ್ಯಾತ್ಗಿತ್ತಿಯರು ಬದಲಾಯಿಸಿರಲಿಲ್ಲ. ಹೊಂಡದ ಅಂಚಿನಿಂದ ನೂರು ಹೆಜ್ಜೆಯೂ ದೂರವಿರಲಿಲ್ಲ.

ನಾನು ಕೋಲು ಬಿಡಲಿಲ್ಲ. ನಾಗಮ್ಮ ಸೀರೆ ಎತ್ತಿಕಟ್ಟಿ ಓಡಿದಳು. ಮೊದಲ ಪೊದೆಯ ಜಡೆ ಹಿಡಿದು ಎಬ್ಬಿಸಿದಳು. ಅದು ವಿಜಯಾ. ಉಳಿದ ಮೂವರು ಶತ್ರು ಬಂದಳೆಂದು ಇನ್ನಷ್ಟು ಅಂಟಿ ಮಲಗಿದರು. ಅವರ ಬೆನ್ನಿಗೆ ಒಂದೊಂದು ಏಟು ಬಿತ್ತು. ಮಿಸ್ತ್ರಿಯ ಬಾಯಿ ತೆರೆದದ್ದು ಮುಚ್ಚಲಿಲ್ಲ. ನಾಲ್ವರೂ ರಾಶಿಯ ಹಿಂದೆ ಬಂದ ಮೇಲೆಯೇ ನನ್ನ ಬೆರಳು ಸಡಿಲವಾದವು.

ಸ್ವಲ್ಪ ಹೊತ್ತಿನ ಮೇಲೆ ಸುರಂಗ ಹಾರಿತು. ನೆಲ ಅಲುಗಿತು, ಕಲ್ಲು ಮಳೆಯಂತೆ ಬಿತ್ತು. ಅವರ ಪಕ್ಕದಲ್ಲಿದ್ದ ಬಾರಿಗಿಡ, ನಾವು ಬೋರೆ ಎನ್ನುವ ಗಿಡ, ನಡುವಿಗೆ ಮುರಿಯಿತು, ಪಕ್ಕದಲ್ಲಿ ರುಬ್ಬುವ ಕಲ್ಲಿನಷ್ಟು ದೊಡ್ಡ ಬಂಡೆ ಬಂದು ಕೂತಿತ್ತು. ಸುಮನ್ ಅಲ್ಲೇ ವಾಂತಿ ಮಾಡಿದಳು. ವಿಜಯಾ, "ಬಾಯಿ, ಆಪನೇ ಹೀ ಬೋಲಾ ಥಾ, ಉಠನಾ ನಹೀ" ಎಂದಳು. ಹೌದು, ಏಳಬೇಡಿ ಎಂದು ನಾನೇ ಹೇಳಿದ್ದೆ.

ಸದ್ದು ಅಡಗಿ ಇನ್ನೊಂದು ಸೀಟಿಯಾದಾಗ ಸುತ್ತಲಿನ ಜಲ್ಲಿ ರಾಶಿಗಳಿಂದ ಜನ ಎದ್ದರು. ಮೂವತ್ತಕ್ಕೆ ಕಡಿಮೆಯಿಲ್ಲ, ಗಂಡಸರು, ಹೆಂಗಸರು, ಒಬ್ಬಳ ಸೊಂಟದಲ್ಲಿ ಮಗು. ಕೂದಲು, ರೆಪ್ಪೆ, ಸೀರೆ ಎಲ್ಲ ಕಲ್ಲಿನ ಬಣ್ಣ. ಅಷ್ಟು ಹೊತ್ತು ಅಲ್ಲಿ ನಿಂತಿದ್ದ ನಾನು, ನಾಗಮ್ಮ, ಮಿಸ್ತ್ರಿ, ಲಾರಿಯವರು, ಹೊಂಡದೊಳಗಿನ ಇಬ್ಬರು ಬಿಟ್ಟರೆ ಬೇರಾರೂ ಇಲ್ಲವೆಂದೇ ತಿಳಿದಿದ್ದೆ.

ಸದ್ದು ಕೇಳಿ ಓಡಿಬಂದ ಸಾವಂತರು ಹೊಂಡ ನೋಡಿದರು, ಮುರಿದ ಗಿಡ ನೋಡಿದರು, ಹುಡುಗಿಯರನ್ನು ಎರಡು ಸಲ ಎಣಿಸಿದರು. ನೆಲದ ಮೇಲೆ ಕುಳಿತು ನಕ್ಷೆ ಬಿಚ್ಚಿ, "ನಕಾಶಾತ್ ಟೇಕಡೀ ಆಹೇ, ಬಾಯಿ" ಎಂದರು. ನಕ್ಷೆಯಲ್ಲಿ ಗುಡ್ಡ ಇದೆಯಲ್ಲ. ಆ ಧ್ವನಿ ನನಗೆ ಕೇಳಿಸಿದ್ದೇ ಕಷ್ಟದಲ್ಲಿ.

ಸಂಜೆಯ ಬಸ್ಸಿಗೆ ಮರಳಿದೆವು. ಡೊಂಬಿವಲಿ ಸ್ಟೇಷನ್ನಿನಲ್ಲಿ ವಿಜಯಾಳ ತಾಯಿಗೆ ಎಲ್ಲವನ್ನೂ ನಿಂತಲ್ಲೇ ಹೇಳಿದೆ. ಅವರು ಬೈಯಲಿಲ್ಲ, ಮಗಳನ್ನು ಮುಟ್ಟಿ ಮುಟ್ಟಿ ನೋಡಿದರು. ಆಮೇಲೆ, "ಆ ಹೆಂಗಸಿಗೆ ಒಂದು ಸೀರೆ ಕೊಡ್ಬೇಕಲ್ಲ ಟೀಚರ್, ನಾಳೆಯೇ ಹೋಗುವ" ಎಂದರು.

ಹೋದದ್ದು ಮುಂದಿನ ಭಾನುವಾರ. ಮಿಸ್ತ್ರಿ ಬೇರೆ, ಜನ ಬೇರೆ. ಹಳೆಯ ಗ್ಯಾಂಗು ಇನ್ನೊಂದು ಗುಡ್ಡಕ್ಕೆ ಹೋಯಿತು, ಯಾವುದಕ್ಕೋ ಗೊತ್ತಿಲ್ಲ ಎಂದರು. ನಾಗಮ್ಮ ಹೇಗಿದ್ದಳು ಎಂದು ವಿಜಯಾಳ ತಾಯಿ ಕೇಳಿದರು. ಹೇಳಲು ಹೊರಟೆ, ಬರಲಿಲ್ಲ. ಕಪ್ಪೋ ಕೆಂಪೋ, ಮುಖದ ಮೇಲೆ ಮಚ್ಚೆ ಇತ್ತೋ ಇಲ್ಲವೋ, ಒಂದೂ ನನಗೆ ಗೊತ್ತಿಲ್ಲ. ನಾನು ನೋಡಿದ್ದು ಧೂಳನ್ನು. ನಾಲ್ಕು ಮಕ್ಕಳ ಜೀವ ಉಳಿಸಿದವಳು ಮುಖ ತೊಳೆದುಕೊಂಡು ಇವತ್ತು ಥಾಣೆ ಸ್ಟೇಷನ್ನಿನಲ್ಲಿ ನನ್ನ ಎದುರಿಗೇ ಬಂದು ನಿಂತರೂ, ಸ್ವಲ್ಪ ಸರಿಯಮ್ಮಾ ಎಂದು ನಾನು ದಾಟಿ ಹೋಗುತ್ತೇನೆ.